ಪುಟ್ಟ ನಾಯಿಗೂ ಒಂದು ಕಾಯಕವುಂಟು

ಹೂಟಗಳ್ಳಿ ಈಗ ಹಳ್ಳಿಯಾಗಿ ಉಳಿದಿಲ್ಲ. ಮೈಸೂರಿನಿಂದ ಹುಣಸೂರಿನತ್ತ ಸಾಗುವ ಹೆದ್ದಾರಿಯ ಮಗ್ಗುಲಿನ ಈ ಊರು ಕಾರ್ಖಾನೆಗಳನ್ನು ಕಂಡಿತು, ಗೃಹಮಂಡಳಿಯ ಬಡಾವಣೆಗಳನ್ನು ಕಂಡಿತು, 2020ರಲ್ಲಿ ನಗರಸಭೆಯ ಸ್ಥಾನವನ್ನೂ ಪಡೆಯಿತು. ಹಟ್ಟಿಯ ಮನೆಗಳಿದ್ದ ಕಡೆ ಮೂವತ್ತು-ನಲವತ್ತರ ನಿವೇಶನಗಳಾದವು. ಹಸು ಕರುಗಳಿದ್ದ ಕೊಟ್ಟಿಗೆ ಕಾರು ನಿಲ್ಲಿಸುವ ಜಾಗವಾಯಿತು. ಕಾರ್ಖಾನೆಯ ಸೇವೆಯಿಂದ ನಿವೃತ್ತರಾದ ಹಿರಿಯರು ಮನೆಯಲ್ಲಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿದ್ದಾರೆ. ಇಂತಹ ಮನೆಗಳಲ್ಲಿ ರಜೆಗೆ ಬಂದ ಮೊಮ್ಮಗಳು, "ತಾತ, ನಿಮಗೂ ಅಜ್ಜಿಗೂ ಒಂದು ಪುಟ್ಟ ನಾಯಿ ತಂದುಕೊಡ್ತೀವಿ, ಜೊತೆಗಿರುತ್ತೆ" ಎಂದು ಹೇಳುವುದು ಈಚೆಗೆ ಸಾಮಾನ್ಯವಾಗಿದೆ. ತಾತನವರು ಹೂಂ ಎನ್ನುವ ಮೊದಲು ಆಲೋಚಿಸಬೇಕಾದ ಕೆಲವು ಸಂಗತಿಗಳನ್ನು ಈ ಸಂಚಿಕೆಯಲ್ಲಿ ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಪುಟ್ಟ ನಾಯಿ ಎಂದೊಡನೆ ನಮ್ಮ ಕಡೆಯ ಹಿರಿಯರ ಕಣ್ಣಿಗೆ ಬರುವುದು ಬಿಳಿಯ ತುಪ್ಪಳದ, ಚೂಪು ಮೂತಿಯ 'ಪಾಮೇರಿಯನ್'. ನಾವು ಹಾಗೆಂದು ಕರೆಯುತ್ತಿದ್ದ ನಾಯಿಗಳಲ್ಲಿ ಬಹುಪಾಲು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ಎಂಬ ತಳಿಯವು. ಕಣ್ಣು ಮುಚ್ಚುವಷ್ಟು ಕೂದಲಿಳಿದ ಲಾಸಾ ಆಪ್ಸೊ ಟಿಬೆಟ್ಟಿನದು. ಅದೇ ನಾಡಿನ ಇನ್ನೊಂದು ನಾಯಿಗೆ 'ಟಿಬೆಟನ್ ಟೆರಿಯರ್' ಎಂಬ ಹೆಸರುಂಟಾದರೂ ಅದು ಟೆರಿಯರ್ ಅಲ್ಲ. ಐರೋಪ್ಯರು ಅದರ ಗಾತ್ರವನ್ನು ಕಂಡು ಹಾಗೆ ಹೆಸರಿಟ್ಟರು, ಅಷ್ಟೆ. ಇಂದು ಪೇಟೆಯಲ್ಲಿ ಕೇಳಿಬರುವ ಯಾರ್ಕ್‌ಶೈರ್ ಟೆರಿಯರ್, ಜ್ಯಾಕ್ ರಸೆಲ್ ಟೆರಿಯರ್, ವೆಸ್ಟ್ ಹೈಲೆಂಡ್ ವೈಟ್ ಟೆರಿಯರ್ ಮೊದಲಾದವು ನಿಜವಾದ ಟೆರಿಯರ್ ಕುಲದವು. ಇವುಗಳ ಗಾತ್ರವನ್ನು ನೋಡಿ ಮರುಳಾಗುವವರು ಇವುಗಳ ಸ್ವಭಾವವನ್ನು ಮೊದಲು ಅರಿತಿರುವುದು ಲೇಸು.

ಲ್ಯಾಟಿನ್ ಭಾಷೆಯಲ್ಲಿ 'ಟೆರ್ರಾ' ಎಂದರೆ ನೆಲ, ಮಣ್ಣು. ಅದೇ ಮೂಲದಿಂದ ಫ್ರೆಂಚಿನ ಮೂಲಕ 'ಟೆರಿಯರ್' ಎಂಬ ಹೆಸರು ಬಂದಿತು. ಮಣ್ಣಿನೊಳಕ್ಕೆ ಹೋಗುವ ನಾಯಿ ಎಂಬುದೇ ಅದರ ಅರ್ಥ. ನರಿಯ ಗವಿಗೆ, ಇಲಿ ಹೆಗ್ಗಣಗಳ ಬಿಲಕ್ಕೆ ನುಗ್ಗಿ ಅಡಗಿದ ಪ್ರಾಣಿಯನ್ನು ಹೊರಡಿಸುವುದು ಅಥವಾ ಅಲ್ಲಿಯೇ ಹಿಡಿದು ಕೊಲ್ಲುವುದು ಅದರ ಕೆಲಸ. ಬಿಲದೊಳಗೆ ತೂರಬೇಕಾದುದರಿಂದ ದೇಹ ಚಿಕ್ಕದಾಯಿತು. ಒಳಗಿದ್ದುಕೊಂಡೇ ಮೇಲಿರುವ ಯಜಮಾನನಿಗೆ ತಾನಿರುವ ಜಾಗವನ್ನು ತಿಳಿಸಬೇಕಾದುದರಿಂದ ಬೊಗಳಿಕೆ ತೀಕ್ಷ್ಣವಾಯಿತು. ಕತ್ತಲೆಯಲ್ಲಿ, ಒಡೆಯನ ಅಪ್ಪಣೆ ಕೇಳಲಾಗದ ಸ್ಥಳದಲ್ಲಿ ತಾನೇ ನಿರ್ಧರಿಸಿ ಹೋರಾಡಬೇಕಾದುದರಿಂದ ಹಟವೂ ಧೈರ್ಯವೂ ಹೆಚ್ಚಿದವು. ಇಂದು ನಾವು ದೋಷಗಳೆಂದು ಎಣಿಸುವ ಅಗೆಯುವಿಕೆ, ಬೊಗಳುವಿಕೆ, ಹಟ ಇವು ಮೂರೂ ತಲೆಮಾರುಗಳಿಂದ ಮನುಷ್ಯನೇ ಆರಿಸಿ ಬೆಳೆಸಿದ ಗುಣಗಳು.

ಯಾರ್ಕ್‌ಶೈರ್ ಟೆರಿಯರಿನ ಕಥೆಯನ್ನೇ ನೋಡೋಣ. ರೇಷ್ಮೆಯಂತಹ ಉದ್ದ ಕೂದಲು, ತಲೆಗೊಂದು ಬಣ್ಣದ ಪಟ್ಟಿ, ಮೂರು ಕಿಲೋ ಆಸುಪಾಸಿನ ತೂಕ. ಇದನ್ನು ಕಂಡವರಿಗೆ ಇದು ಸಿರಿವಂತರ ಮನೆಯ ಆಟಿಕೆಯಂತೆ ತೋರುವುದು ಸಹಜ. ಆದರೆ ಇದು ಹುಟ್ಟಿದ್ದು ನೇಕಾರರ ಕೇರಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೂಲಿಯನ್ನರಸಿ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಗಿರಣಿಗಳಿಗೆ ಬಂದರು. ಅವರೊಡನೆ ಅವರ ಸಣ್ಣ ನಾಯಿಗಳೂ ಬಂದವು. ಗಿರಣಿಗಳಲ್ಲಿಯೂ ಗಣಿಗಳಲ್ಲಿಯೂ ಇಲಿಗಳ ಹಾವಳಿಯನ್ನು ಅಡಗಿಸುವುದು ಅವುಗಳ ಪಾಲಿನ ದುಡಿಮೆಯಾಗಿತ್ತು. 1865ರಲ್ಲಿ ಹುಟ್ಟಿ 1871ರಲ್ಲಿ ಸತ್ತ 'ಹಡರ್ಸ್‌ಫೀಲ್ಡ್ ಬೆನ್' ಎಂಬ ನಾಯಿಯನ್ನು ಈ ತಳಿಯ ಮೂಲಪುರುಷನೆಂದು ಹೇಳುತ್ತಾರೆ. ಅದು ಪ್ರದರ್ಶನಗಳಲ್ಲಿ ಬಹುಮಾನ ಪಡೆದಂತೆ ಇಲಿ ಹಿಡಿಯುವ ಪಂದ್ಯಗಳಲ್ಲಿಯೂ ಹೆಸರು ಗಳಿಸಿತ್ತು.

ಜ್ಯಾಕ್ ರಸೆಲ್ ಟೆರಿಯರಿಗೆ ಆ ಹೆಸರು ಬಂದುದು ಜಾನ್ ರಸೆಲ್ ಎಂಬ ಪಾದ್ರಿಯಿಂದ. 1795ರಲ್ಲಿ ಹುಟ್ಟಿ 1883ರವರೆಗೆ ಬಾಳಿದ ಈತನಿಗೆ ಬೇಟೆಯೆಂದರೆ ಪ್ರಾಣ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಹಾಲು ಮಾರುವವನೊಬ್ಬನ ಬಳಿ ಇದ್ದ 'ಟ್ರಂಪ್' ಎಂಬ ಹೆಣ್ಣುನಾಯಿಯನ್ನು ಕೊಂಡು, ಅದರಿಂದ ತನ್ನ ತಳಿಯನ್ನು ಬೆಳೆಸಿದನು. ಕುದುರೆಗಳೊಡನೆ ದಿನವಿಡೀ ಓಡಿ, ಸಂಜೆ ನರಿಯ ಗವಿಗೆ ಇಳಿಯಬಲ್ಲ ಕಸುವು ಅವನ ನಾಯಿಗೆ ಬೇಕಾಗಿತ್ತು. ಇಪ್ಪತ್ತೈದು ಮೂವತ್ತು ಸೆಂಟಿಮೀಟರ್ ಎತ್ತರದ ಆ ದೇಹದಲ್ಲಿ ಇಂದಿಗೂ ಆ ಕಸುವೇ ತುಂಬಿದೆ. ಅದನ್ನು ಮೂರನೆಯ ಅಂತಸ್ತಿನ ಮನೆಯೊಂದರ ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಆ ಕಸುವು ಎಲ್ಲಿಗೆ ಹೋಗಬೇಕು?

ನಮ್ಮ ಮನೆಗಳಿಗೆ ಟೆರಿಯರ್ ಜಾತಿಯ ಒಂದು ನಾಯಿ ಬಹಳ ಹಿಂದೆಯೇ ಬಂದಿದೆ, ಚಿತ್ರದ ರೂಪದಲ್ಲಿ. ಗ್ರಾಮಫೋನಿನ ಕಹಳೆಗೆ ಕಿವಿಗೊಟ್ಟು ತಲೆ ಓರೆಮಾಡಿ ಕುಳಿತ ಹೆಚ್.ಎಂ.ವಿ. ತಟ್ಟೆಗಳ ನಾಯಿಯನ್ನು ನೆನಪಿಸಿಕೊಳ್ಳಿ. ಅದರ ಹೆಸರು ನಿಪ್ಪರ್. 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಇದು ಯಜಮಾನ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರಾಡನ ಆಶ್ರಯಕ್ಕೆ ಬಂದಿತು. ಅವನು ಬರೆದ ಚಿತ್ರವನ್ನು 1899ರಲ್ಲಿ ಗ್ರಾಮಫೋನ್ ಕಂಪನಿ ಕೊಂಡುಕೊಂಡಿತು. ಜನರ ಕಾಲಿನ ಹಿಂಭಾಗವನ್ನು ಕಚ್ಚುವ ಚಾಳಿಯಿಂದಲೇ ಅದಕ್ಕೆ ನಿಪ್ಪರ್ ಎಂಬ ಹೆಸರು ಬಂದಿತಂತೆ. ಚಿತ್ರದಲ್ಲಿ ನಾವು ಕಂಡದ್ದು ಅದರ ಶಾಂತಿಯನ್ನು ಮಾತ್ರ. ನಾಯಿಯನ್ನು ಮನೆಗೆ ತರುವವರಿಗೆ ಅದರ ಹೆಸರಿನ ಹಿಂದಿನ ಕಥೆಯೂ ತಿಳಿದಿರಬೇಕು.

ಆ ಸ್ವಭಾವಕ್ಕೆ ತಕ್ಕ ಕೆಲಸ ದೊರೆತಾಗ ಈ ಪುಟ್ಟ ಪ್ರಾಣಿ ಏನನ್ನು ಸಾಧಿಸಬಲ್ಲುದು ಎಂಬುದಕ್ಕೆ ಎರಡನೆಯ ಮಹಾಯುದ್ಧದ 'ಸ್ಮೋಕಿ' ಸಾಕ್ಷಿ. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಸಿಕ್ಕ ಈ ಯಾರ್ಕ್‌ಶೈರ್ ಟೆರಿಯರನ್ನು ಬಿಲ್ ವಿನ್ ಎಂಬ ಅಮೆರಿಕದ ಸೈನಿಕ ಸಾಕಿಕೊಂಡನು. ಅದರ ತೂಕ ಎರಡು ಕಿಲೋವನ್ನೂ ಮುಟ್ಟುತ್ತಿರಲಿಲ್ಲ. ಫಿಲಿಪ್ಪೀನ್ಸಿನ ವಿಮಾನ ನೆಲೆಯೊಂದರಲ್ಲಿ ಓಡುಹಾದಿಯ ಕೆಳಗೆ ಸುಮಾರು ಎಪ್ಪತ್ತು ಅಡಿ ಉದ್ದದ, ಎಂಟು ಅಂಗುಲ ಅಗಲದ ಕೊಳವೆಯೊಳಗೆ ದೂರವಾಣಿಯ ತಂತಿಯನ್ನು ಎಳೆಯಬೇಕಾಯಿತು. ಕೊಳವೆಯಲ್ಲಿ ಅಲ್ಲಲ್ಲಿ ಮಣ್ಣು ತುಂಬಿತ್ತು. ಸ್ಮೋಕಿಯ ಕೊರಳಪಟ್ಟಿಗೆ ದಾರ ಕಟ್ಟಿ, ಆಚೆಯ ತುದಿಯಿಂದ ವಿನ್ ಅದನ್ನು ಕರೆದನು. ನಿಮಿಷಗಳಲ್ಲಿ ಅದು ದಾರದೊಡನೆ ಹೊರಬಂದಿತು. ಹಾದಿಯನ್ನು ಅಗೆದು ತಂತಿ ಹಾಕಿದ್ದರೆ ಸೈನಿಕರು ದಿನಗಟ್ಟಲೆ ಶತ್ರುವಿನ ವಿಮಾನಗಳಿಗೆ ಗುರಿಯಾಗಿ ನಿಲ್ಲಬೇಕಾಗುತ್ತಿತ್ತು. ಅದೇ ನಾಯಿ ಆಸ್ಪತ್ರೆಗಳಲ್ಲಿ ಗಾಯಾಳುಗಳ ಹಾಸಿಗೆಯ ಬಳಿ ಹೋಗಿ ಅವರ ನೋವನ್ನು ಮರೆಸುತ್ತಿತ್ತು.

ಕಾಯಕವೆಂಬ ಹಿರಿದಾದ ಪದವನ್ನು ನಾಯಿಗೆ ಹೇಳುವುದು ಉಚಿತವೇ ಎಂದು ಹಿರಿಯರು ಕೇಳಬಹುದು. ನಮ್ಮ ನಾಡಿನ ಒಂದು ಕಲ್ಲು ಇದಕ್ಕೆ ಸಮಾಧಾನ ಹೇಳುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 950ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರ ಎಂಬ ವೀರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ಹಂದಿಯೂ ನಾಯಿಯೂ ಜೊತೆಯಾಗಿ ಸತ್ತವು. ಆ ನಾಯಿಯ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿಯಾಗಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಕೂಡದೆಂಬ ಕಟ್ಟಳೆಯನ್ನೂ ಮಾಡಿದರು. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಿವಾಲಯದ ಮುಂದೆ ನಾಯಿಗೆ ದೊರೆತ ಈ ಗೌರವ ಅದರ ಅಂದಕ್ಕೆ ಸಂದದ್ದಲ್ಲ, ಅದು ಮಾಡಿದ ಕೆಲಸಕ್ಕೆ ಸಂದದ್ದು.

ಹೀಗಿರುವಲ್ಲಿ, ದುಡಿಮೆಗಾಗಿಯೇ ಹುಟ್ಟಿದ ಜೀವವನ್ನು ತಂದು ಸೋಫಾದ ಮೇಲೆ ಕೂರಿಸಿ, ದಿನವಿಡೀ ಮುದ್ದಿಸಿ, ಹೊರಗೆ ಬಿಡದೆ ಇಟ್ಟರೆ ಆಗುವುದೇನು? ಅದು ತನಗೆ ತಾನೇ ಕೆಲಸವನ್ನು ಹುಡುಕಿಕೊಳ್ಳುತ್ತದೆ. ಹೂಕುಂಡದ ಮಣ್ಣನ್ನು ತೋಡುತ್ತದೆ. ಹಾಸಿಗೆಯನ್ನು ಹರಿಯುತ್ತದೆ. ಹಾಲಿನವನ ಸೈಕಲ್ಲಿಗೂ ಅಂಚೆಯವನಿಗೂ ಎದುರುಮನೆಯ ಮಗುವಿಗೂ ಒಂದೇ ಸಮನೆ ಬೊಗಳುತ್ತದೆ. ನೆರೆಹೊರೆಯವರ ಮನಸ್ಸು ಕೆಡುತ್ತದೆ. ಕೊನೆಗೆ ಒಂದು ದಿನ ಅದನ್ನು ಕಾರಿನಲ್ಲಿ ಕೂರಿಸಿ ದೂರದ ರಸ್ತೆಯೊಂದರಲ್ಲಿ ಇಳಿಸಿ ಬರುವವರೂ ಇದ್ದಾರೆ. ಬೀದಿಯ ಬದುಕನ್ನೇ ಅರಿಯದ ಆ ಪುಟ್ಟ ಪ್ರಾಣಿಗೆ ಅದು ಮರಣದಂಡನೆಯೇ ಸರಿ. ಸಾಕುಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು.

ಸಣ್ಣ ಮನೆಯಲ್ಲಿಯೂ ಟೆರಿಯರಿಗೆ ಕೆಲಸ ಕೊಡಬಹುದು. ಬೆಳಿಗ್ಗೆ ಬಿಸಿಲೇರುವ ಮೊದಲು, ಸಂಜೆ ನೆಲ ತಣಿದ ಮೇಲೆ ನಡಿಗೆ ತಪ್ಪಬಾರದು. ನಮ್ಮ ಅಂಗೈಯನ್ನು ಟಾರು ರಸ್ತೆಯ ಮೇಲೆ ಐದು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಅದರ ಅಂಗಾಲಿಗೂ ಅದು ಸುಡುತ್ತದೆ. ಹಳೆಯ ಪೆಟ್ಟಿಗೆಯೊಂದರಲ್ಲಿ ಮರಳು ತುಂಬಿ, ಅದರೊಳಗೆ ಆಟದ ಚೆಂಡನ್ನು ಹೂತಿಟ್ಟರೆ ತೋಡುವ ಆಸೆ ಅಲ್ಲಿ ತೀರುತ್ತದೆ. ತಿಂಡಿಯನ್ನು ತಟ್ಟೆಗೆ ಹಾಕುವ ಬದಲು ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿ ಮೂಸಿ ಹುಡುಕುವಂತೆ ಮಾಡಬಹುದು. ಇವೆಲ್ಲ ದಿನಕ್ಕೆ ಒಂದು ಗಂಟೆಯ ಕೆಲಸ. ಕುತ್ತಿಗೆಗೆ ಬಿಗಿಯುವ ಪಟ್ಟಿಗಿಂತ ಎದೆಯನ್ನು ಬಳಸುವ ಪಟ್ಟಿ ಸಣ್ಣ ನಾಯಿಗಳಿಗೆ ಒಳ್ಳೆಯದು. ಅವುಗಳ ಶ್ವಾಸನಾಳ ಬಹಳ ನಾಜೂಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಲಿ ಹಿಡಿಯುವ ನಾಯಿಯೆಂದು ಹೆಗ್ಗಣದ ಮೇಲೆ ಬಿಡುವುದು ನಮ್ಮ ಬಡಾವಣೆಗಳಲ್ಲಿ ಅಪಾಯ. ಉಗ್ರಾಣಗಳ ಸುತ್ತಮುತ್ತ ಇಲಿಪಾಷಾಣ ಇಟ್ಟಿರುತ್ತಾರೆ. ಪಾಷಾಣ ತಿಂದ ಇಲಿಯನ್ನು ತಿಂದರೆ ನಾಯಿಗೂ ವಿಷವೇರಬಹುದು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ನಾಯಿಗೆ ತಗುಲಿದರೆ ಅದರ ಮೂತ್ರದ ಮೂಲಕ ಮನೆಯವರಿಗೂ ಬರಬಹುದು. ಇದಕ್ಕೆ ನಾಯಿಗಳಿಗೆ ಲಸಿಕೆ ಇದೆ. ಇನ್ನು ಗಿಡಗಂಟಿ ಬೆಳೆದ ಖಾಲಿ ನಿವೇಶನಗಳಲ್ಲಿ ಇಲಿಯಿದ್ದೆಡೆಗೆ ಹಾವು ಬರುತ್ತದೆ. ಟೆರಿಯರ್ ಹಾವನ್ನು ಕಂಡು ಹಿಂದೆಗೆಯುವ ನಾಯಿಯಲ್ಲ. ಆದುದರಿಂದ ಅಂತಹ ಕಡೆ ಅದನ್ನು ಬಳ್ಳಿಯಿಂದ ಬಿಡಿಸಲೇಬಾರದು.

ಆಹಾರದ ವಿಷಯದಲ್ಲಿ ಶಾಕಾಹಾರಿಗಳಾದ ನಮ್ಮ ಮನೆಗಳಿಗೆ ಒಂದು ಸಂದೇಹವಿದ್ದೇ ಇರುತ್ತದೆ. ಬೆಕ್ಕಿಗೆ ಮಾಂಸಾಹಾರ ಅನಿವಾರ್ಯ. ನಾಯಿಯ ಸ್ಥಿತಿ ಬೇರೆ. ಮನುಷ್ಯನೊಡನೆ ಬಾಳಿ ಬಾಳಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ನಾಯಿಗೆ ಹೆಚ್ಚಿದೆಯೆಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವಂಶವಾಹಿಗಳ ಪರೀಕ್ಷೆಯಿಂದ ಕಂಡುಕೊಂಡರು. ಆದರೂ ಮೊಸರನ್ನ, ಮುದ್ದೆ ಎಂದು ಎರಡು ಹೊತ್ತು ಹಾಕಿಬಿಟ್ಟರೆ ಸಾಲದು. ಅದಕ್ಕೆ ಸಾಕಷ್ಟು ಸಸಾರಜನಕ, ಸುಣ್ಣ, ಜೀವಸತ್ವಗಳು ಬೇಕು. ಬೆಳೆಯುವ ಮರಿಗೆ ಇನ್ನೂ ಹೆಚ್ಚು. ಪಶುವೈದ್ಯರನ್ನು ಕೇಳಿ, ಸಮತೋಲದ ಶಾಕಾಹಾರವನ್ನು ಗೊತ್ತುಮಾಡಿಕೊಳ್ಳಬೇಕು. ಅದು ಸಾಧ್ಯವಾಗದ ಮನೆ ನಾಯಿಯನ್ನು ತರದಿರುವುದೇ ಧರ್ಮ.

ಪೂಜೆಯ ಬಳಿಕ ಮಕ್ಕಳು ತಮ್ಮ ಕೈಯ ಪ್ರಸಾದವನ್ನು ನಾಯಿಗೂ ಒಂದಿಷ್ಟು ಕೊಡುವುದು ನೋಡಲು ಚೆಂದ. ಕಲ್ಲುಸಕ್ಕರೆಯೊಡನೆ ಒಣದ್ರಾಕ್ಷಿ ಇದ್ದರೆ ಮಾತ್ರ ಕೂಡದು. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಮೂರು ಕಿಲೋ ತೂಕದ ನಾಯಿಗೆ ಕೆಲವೇ ಕಾಳುಗಳೂ ಪ್ರಾಣಕ್ಕೆ ಎರವಾಗಬಹುದು. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ ಇವೂ ವರ್ಜ್ಯ. ತಿಂದುಬಿಟ್ಟಿತೆಂದು ತಿಳಿದರೆ ವಾಂತಿಯಾಗಲೆಂದು ಕಾಯದೆ ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಮರಿಗೆ ಆರರಿಂದ ಎಂಟು ವಾರಗಳಾದಾಗ ಲಸಿಕೆಗಳು ಆರಂಭವಾಗುತ್ತವೆ. ಪಾರ್ವೊ, ಡಿಸ್ಟೆಂಪರ್ ರೋಗಗಳಿಗೆ ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಮನೆಯ ನಾಯಿಯೇ ಕಚ್ಚಿದರೂ, ಅದು ಸಣ್ಣದಾದರೂ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಉಣ್ಣಿಗಳಿಂದ ಬರುವ ಜ್ವರ ನಮ್ಮ ಕಡೆ ಸಾಮಾನ್ಯ. ಯಾರ್ಕ್‌ಶೈರ್ ಟೆರಿಯರಿನ ಉದ್ದ ಕೂದಲನ್ನು ದಿನವೂ ಬಾಚದಿದ್ದರೆ ಉಣ್ಣಿ ಕಾಣುವುದೇ ಇಲ್ಲ. ಸಣ್ಣ ತಳಿಗಳಲ್ಲಿ ಹಲ್ಲಿನ ರೋಗ, ಮಂಡಿಚಿಪ್ಪು ಜಾರುವುದು, ವೆಸ್ಟ್ ಹೈಲೆಂಡ್ ತಳಿಯಲ್ಲಿ ಚರ್ಮದ ತುರಿಕೆ ಹೆಚ್ಚು.

ಮರಿಯನ್ನು ಎಲ್ಲಿಂದ ತರಬೇಕು? 2017ರ ಕೇಂದ್ರ ನಿಯಮಗಳಂತೆ ನಾಯಿ ತಳಿ ಬೆಳೆಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ತಾಯಿನಾಯಿಯನ್ನು ತೋರಿಸದೆ, ರಸೀದಿ ಕೊಡದೆ, ರಸ್ತೆಬದಿಯಲ್ಲಿ ಮರಿ ಕೈಗಿಡುವವರಿಂದ ದೂರವಿರಿ. ಮೈಸೂರಿನಲ್ಲಿ ನಡೆಯುವ ಕಥೆಯುಳ್ಳ, 2022ರ 'ಚಾರ್ಲಿ' ಚಲನಚಿತ್ರವನ್ನು ನೋಡಿದವರಿಗೆ ಹಣದಾಸೆಯಿಂದ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ತೆಗೆಯುವ ದಂಧೆಯ ಪರಿಣಾಮ ನೆನಪಿರಬಹುದು. ಟೆರಿಯರ್ ಎಂಬ ಹೆಸರು ಕೇಳಿ ಕಾನೂನಿನ ಭಯ ಪಡುವವರೂ ಇದ್ದಾರೆ. 2024ರ ಮಾರ್ಚಿಯಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಸೇರಿದಂತೆ 23 ತಳಿಗಳ ಮೇಲೆ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ಏಪ್ರಿಲಿನಲ್ಲಿ ರದ್ದುಪಡಿಸಿತು. 

ಹಣ ಕೊಟ್ಟೇ ನಾಯಿ ತರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಬೀದಿಯಲ್ಲಿ ಹುಟ್ಟಿದ ನಾಟಿ ಮರಿ ಈ ಹವೆಗೆ ಹೊಂದಿಕೊಂಡ ಜೀವ. ಅನಾಥ ಪ್ರಾಣಿಗಳ ಆಶ್ರಯಧಾಮವನ್ನು ಮೈಸೂರಿನಲ್ಲಿ ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆ ನಡೆಸುತ್ತಿದೆ. ಮನೆ ಕಳೆದುಕೊಂಡ ತಳಿನಾಯಿಗಳೂ ಇಂತಹ ಕಡೆಗಳಿಗೆ ಬರುವುದುಂಟು.

ಕೊನೆಯದಾಗಿ, ಹಿರಿಯರು ಮನಸ್ಸಿನಲ್ಲಿಟ್ಟುಕೊಂಡು ಬಾಯಿಬಿಟ್ಟು ಹೇಳದ ಮಾತು. ಪುಟ್ಟ ಟೆರಿಯರುಗಳು ಹನ್ನೆರಡರಿಂದ ಹದಿನೈದು ವರ್ಷ ಬಾಳುತ್ತವೆ. ಎಪ್ಪತ್ತರ ಹರೆಯದ ದಂಪತಿಗಳ ಮನೆಗೆ ಎರಡು ತಿಂಗಳ ಮರಿ ಬಂದರೆ ಲೆಕ್ಕವನ್ನು ಅವರೇ ಹಾಕಿಕೊಳ್ಳುತ್ತಾರೆ. ಮಂಡಿನೋವಿರುವವರಿಗೆ ದಿನಕ್ಕೆರಡು ನಡಿಗೆ ಸಾಧ್ಯವೇ? ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅದಕ್ಕೆ ಅನ್ನ ಹಾಕುವವರಾರು? ತಮ್ಮ ನಂತರ ಅದು ಯಾರ ಮನೆಗೆ ಹೋಗಬೇಕು? ನಾಯಿಯನ್ನು ಕಾಣಿಕೆಯಾಗಿ ಕೊಡಲು ಹೊರಟ ಮಕ್ಕಳು ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನೂ ಜೊತೆಗೆ ಕೊಡಬೇಕು. "ಅಪ್ಪಾಜಿ, ನಿಮ್ಮ ಕೈಲಿ ಆಗದ ದಿನ ಇದನ್ನು ನಾನೇ ಕರೆದುಕೊಂಡು ಹೋಗ್ತೀನಿ" ಎಂದು ಮಗನೋ ಮಗಳೋ ಎದುರಿಗೆ ಕುಳಿತು ಮಾತು ಕೊಡಲಿ. ಅದೂ ಆಗದಿದ್ದಲ್ಲಿ ಮರಿಯ ಬದಲಿಗೆ ಆರೇಳು ವರ್ಷ ತುಂಬಿದ, ಆಶ್ರಯಕ್ಕಾಗಿ ಕಾದಿರುವ ಶಾಂತ ನಾಯಿಯೊಂದನ್ನು ತರುವುದು ಇಬ್ಬರಿಗೂ ಹಿತ.

ಇಷ್ಟನ್ನೂ ಆಲೋಚಿಸಿ ತಂದ ನಾಯಿ ಮನೆಗೆ ಕೊಡುವುದೂ ಕಡಿಮೆಯಲ್ಲ. ಮಾತನಾಡಲು ಯಾರೂ ಇಲ್ಲವೆಂದು ದಿನವಿಡೀ ದೂರದರ್ಶನದ ಮುಂದೆ ಕುಳಿತವರು ಅದರ ನೆಪದಲ್ಲಿ ಬೀದಿಗೆ ಇಳಿಯುತ್ತಾರೆ. ನಾಲ್ಕು ಜನರ ಕ್ಷೇಮ ವಿಚಾರಿಸುತ್ತಾರೆ. ಹೊತ್ತಿಗೆ ಸರಿಯಾಗಿ ಏಳುತ್ತಾರೆ. ತಾವು ಏಳದಿದ್ದರೆ ಕಾದು ಕುಳಿತಿರುವ ಒಂದು ಜೀವವಿದೆ ಎಂಬ ಅರಿವೇ ಅವರನ್ನು ಎಬ್ಬಿಸುತ್ತದೆ. ನಾಯಿಗೆ ಕೆಲಸ ಕೊಡಲು ಹೋಗಿ ನಾವೂ ಒಂದು ಕೆಲಸವನ್ನು ಪಡೆದಂತಾಗುತ್ತದೆ. ಮನೆಯವರೆಲ್ಲರೂ ಕುಳಿತು ಮಾತನಾಡಿ, ಆಗುವುದಾದರೆ ಮಾತ್ರ ತನ್ನಿ. ತಂದ ಮೇಲೆ ಅದರ ಕೊನೆಯ ದಿನದವರೆಗೂ ಕೈಬಿಡಬೇಡಿ.